ಕಲೆ ಹೋಯಿತು, ಎಣ್ಣೆ ಎಲ್ಲಿಗೆ ಹೋಯಿತು?

ಹಳೆಯ ಅಂಬಾಸಡರ್ ಕಾರು ನಿಲ್ಲುವ ಪೋರ್ಟಿಕೊ ನೆಲವನ್ನು ನೀವು ನೋಡಿರಬಹುದು. ಎಂಜಿನ್ನಿನ ಕೆಳಗೆ ಒಂದು ಕಪ್ಪು ಕಲೆ ಇದ್ದೇ ಇರುತ್ತದೆ. ಅದನ್ನು ಹೋಗಲಾಡಿಸಲು ಮನೆಗೆ ಉಪಯುಕ್ತ ಸಲಹೆ ಕೊಡುವ ಅಂಕಣಗಳಲ್ಲೂ ಗ್ಯಾರೇಜುಗಳಲ್ಲೂ ಹಲವು ಉಪಾಯಗಳು ಸಿಗುತ್ತವೆ: ಸೀಮೆಎಣ್ಣೆ ಹಾಕಿ ಉಜ್ಜಿ, ಸೋಪಿನ ಪುಡಿ ಹಾಕಿ ತೊಳೆಯಿರಿ, ಆಸಿಡ್ ಸುರಿಯಿರಿ, ಮರಳು ಚೆಲ್ಲಿ, ರಟ್ಟು ಹಾಸಿ. ಇವುಗಳಲ್ಲಿ ಕೆಲವು ಕಲೆಯನ್ನು ನಿಜವಾಗಿಯೂ ತೆಗೆಯುತ್ತವೆ. ಆದರೂ ಇವನ್ನು ವಿಜ್ಞಾನದ ಒರೆಗಲ್ಲಿಗೆ ಹಚ್ಚಿ ನೋಡುವುದು ಅಗತ್ಯ.

ಇದಕ್ಕೆ ಪ್ರೌಢಶಾಲೆಯಲ್ಲಿ ಕಲಿಸುವ ದ್ರವ್ಯರಾಶಿ ಸಂರಕ್ಷಣೆಯ ನಿಯಮ ಸಾಕು. ನೆಲದ ಮೇಲಿದ್ದ ಎಣ್ಣೆ ಕಾಣದಂತಾದರೆ ಅದು ಇಲ್ಲವಾಯಿತೆಂದಲ್ಲ, ಬೇರೆಲ್ಲಿಗೋ ಹೋಯಿತೆಂದು ಅರ್ಥ. ಎಲ್ಲಿಗೆ ಎಂಬುದನ್ನು ಹೇಳದ ಸಲಹೆ ಅರ್ಧ ಸಲಹೆ ಮಾತ್ರ.

ನಿಂತ ಕಾರು ಏಕೆ ಸೋರುತ್ತದೆ?

2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಿನ್ಯಾಸವನ್ನು ಆಧರಿಸಿದ್ದು. ಹಳೆಯ ಅಂಬಾಸಡರ್‌ಗಳಲ್ಲಿದ್ದ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಸರಣಿಯದು. ಈ ಸರಣಿಯ ಮೂರು ಬೇರಿಂಗಿನ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಶಾಫ್ಟ್‌ನ ಹಿಂತುದಿಗೆ ಈಗಿನ ಕಾರುಗಳಲ್ಲಿರುವಂಥ ಆಯಿಲ್ ಸೀಲ್ ಇರಲಿಲ್ಲ. ಬದಲಿಗೆ ಶಾಫ್ಟಿನ ಮೇಲೆ ತಿರುಪು ಮೊಳೆಯಲ್ಲಿರುವಂಥ ಸುರುಳಿ ಗೀರನ್ನು ಕೊರೆದಿರುತ್ತಿದ್ದರು. ಎಂಜಿನ್ ಓಡುವಾಗ ಈ ಗೀರು ಆರ್ಕಿಮಿಡೀಸನ ತಿರುಪಿನಂತೆ ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ಎಂಜಿನ್ ನಿಂತಾಗ ಈ ತಳ್ಳುವಿಕೆಯೂ ನಿಲ್ಲುತ್ತದೆ. ಅಲ್ಲಿ ಉಳಿದ ಎಣ್ಣೆ ಇನ್ನೂ ಬಿಸಿಯಾಗಿದ್ದು, ಅದರ ಸ್ನಿಗ್ಧತೆ ಕಡಿಮೆ ಇರುವುದರಿಂದ, ಸಣ್ಣ ಸಂದಿನ ಮೂಲಕ ಹೊರಗೆ ಜಾರುತ್ತದೆ. ಇಳಿಜಾರಿನಲ್ಲಿ ಕಾರಿನ ಮೂತಿ ಮೇಲಾಗಿ ನಿಂತಿದ್ದರೆ ಇನ್ನಷ್ಟು ಎಣ್ಣೆ ಹಿಂದಕ್ಕೆ ಹರಿಯುತ್ತದೆ.

ಹೀಗೆ ಜಾರಿದ ಎಣ್ಣೆ ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗ್‌ಗೆ ಇಳಿಯುತ್ತದೆ. ಆ ಕಾಲದ ಹಲವು ಬ್ರಿಟಿಷ್ ಕಾರುಗಳಲ್ಲಿ ಅದರ ತಳದಲ್ಲಿ ಒಂದು ರಂಧ್ರವಿಟ್ಟು, ಕೊಳೆ ಕಟ್ಟದಿರಲೆಂದು ಅದರಲ್ಲಿ ಸ್ಪ್ಲಿಟ್ ಪಿನ್ ಒಂದನ್ನು ತೂಗುಬಿಡುತ್ತಿದ್ದರು. ಆ ರಂಧ್ರವನ್ನು ಪುಟ್ಟಿ ಹಚ್ಚಿ ಮುಚ್ಚಿರೆಂಬ ಸಲಹೆ ಅಪಾಯಕಾರಿ. ನೆಲವೇನೋ ಚೊಕ್ಕಟವಾಗಿ ಉಳಿಯುತ್ತದೆ. ಆದರೆ ಒಳಗೆ ನಿಂತ ಎಣ್ಣೆ ಕ್ಲಚ್ ಪ್ಲೇಟಿಗೆ ತಗಲಿ, ಘರ್ಷಣೆ ತಗ್ಗಿ, ಕ್ಲಚ್ ಜಾರತೊಡಗುತ್ತದೆ.

ಹಾಗೆಂದು ‘ಹಳೆಯ ಕಾರು, ಸೋರುವುದೇ ಸಹಜ’ ಎಂದು ಕೈಚೆಲ್ಲುವುದೂ ಸರಿಯಲ್ಲ. ಸಂಪ್‌ನ ಗ್ಯಾಸ್ಕೆಟ್ ಒಣಗಿರಬಹುದು, ಡ್ರೇನ್ ಪ್ಲಗ್ಗಿನ ವಾಷರ್ ಸವೆದಿರಬಹುದು. ಬ್ರೀದರ್ ಕಟ್ಟಿಕೊಂಡಿದ್ದರೆ ಎಂಜಿನ್ನಿನೊಳಗಿನ ಅನಿಲದ ಒತ್ತಡ ಏರಿ, ಎಣ್ಣೆಯನ್ನು ಇದ್ದಬದ್ದ ಸಂದುಗಳಿಂದ ಹೊರದೂಡುತ್ತದೆ. ಇವನ್ನೆಲ್ಲ ಸರಿಪಡಿಸಬಹುದು.

ಸಲಹೆಗಳ ಪರೀಕ್ಷೆ

ಮೊದಲು ಸೀಮೆಎಣ್ಣೆ, ಪೆಟ್ರೋಲುಗಳನ್ನು ನೋಡೋಣ. ಇವು ಎಂಜಿನ್ ಎಣ್ಣೆಯನ್ನು ಕರಗಿಸುತ್ತವೆ ಎಂಬುದು ನಿಜ. ಆದರೆ ಕಾಂಕ್ರೀಟು ರಂಧ್ರಮಯ ವಸ್ತು. ತೆಳುವಾದ ದ್ರಾವಣ ಅದರ ರಂಧ್ರಗಳಲ್ಲಿ ಲೋಮನಾಳ ಕ್ರಿಯೆಯಿಂದ ಮತ್ತಷ್ಟು ಆಳಕ್ಕೆ ಇಳಿಯುತ್ತದೆ. ಡಾಂಬರು ನೆಲವಾದರೆ ಡಾಂಬರೇ ಮೆತ್ತಗಾಗುತ್ತದೆ, ಏಕೆಂದರೆ ಅದೂ ಹೈಡ್ರೋಕಾರ್ಬನ್ನುಗಳ ಮಿಶ್ರಣ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ಹರಡಿ ಬೆಂಕಿಯ ಅಪಾಯ ತರುತ್ತದೆ. ಈ ಸಲಹೆಯನ್ನು ಯಾರೂ ಕೊಡಬಾರದು.

ಆಸಿಡ್ಡಿನ ಸಲಹೆಯಲ್ಲಿ ರಸಾಯನವಿಜ್ಞಾನವೇ ತಪ್ಪಾಗಿದೆ. ಹೈಡ್ರೋಕ್ಲೋರಿಕ್ ಆಮ್ಲ ಖನಿಜ ತೈಲದೊಡನೆ ವರ್ತಿಸುವುದಿಲ್ಲ, ಸಿಮೆಂಟಿನಲ್ಲಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನೊಡನೆ ವರ್ತಿಸುತ್ತದೆ. ಕಲೆಯ ಬದಲು ನೆಲ ಸವೆಯುತ್ತದೆ.

ಸೋಪಿನ ಪುಡಿ ಇವೆರಡಕ್ಕಿಂತ ಮೇಲು. ಅದರ ಅಣುವಿನ ಒಂದು ತುದಿ ಎಣ್ಣೆಯನ್ನೂ ಇನ್ನೊಂದು ತುದಿ ನೀರನ್ನೂ ಹಿಡಿಯುವುದರಿಂದ ಎಣ್ಣೆ ಸಣ್ಣ ಹನಿಗಳಾಗಿ ನೀರಿನಲ್ಲಿ ತೇಲಿ ಹೋಗುತ್ತದೆ. ಕಲೆ ತೆಗೆಯುವ ಕೆಲಸದಲ್ಲಿ ಇದು ಗೆದ್ದಿತು. ಆದರೆ ಆ ನೀರು ಎಲ್ಲಿಗೆ ಹೋಯಿತು? ಮನೆಯ ಮುಂದಿನ ಮಳೆನೀರಿನ ಚರಂಡಿಗೆ. ಬೆಂಗಳೂರಿನಲ್ಲಾದರೆ ಅಲ್ಲಿಂದ ರಾಜಕಾಲುವೆಗೆ, ರಾಜಕಾಲುವೆಯಿಂದ ಕೆರೆಗೆ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿಯಾಗಿ ಅಲ್ಲಿ ನಿಗದಿತ ಅಳತೆಯ ನಿವೇಶನಗಳಿಗೆ ಮಳೆಕೊಯ್ಲು ಕಡ್ಡಾಯವಾಯಿತು. ಪೋರ್ಟಿಕೊದ ನೀರನ್ನು ಇಂಗುಗುಂಡಿಗೆ ತಿರುಗಿಸಿರುವ ಮನೆಯಲ್ಲಿ ತೊಳೆದ ಎಣ್ಣೆಯೂ ಅದೇ ಗುಂಡಿಗೆ ಇಳಿಯುತ್ತದೆ. ಆ ಗುಂಡಿ ಇರುವುದೇ ಅಂತರ್ಜಲವನ್ನು ತುಂಬಲಿಕ್ಕೆ.

ಮರಳು ಮತ್ತು ಮರದ ಹೊಟ್ಟು ಎಣ್ಣೆಯನ್ನು ಹೀರಿ ಒಂದೆಡೆ ಹಿಡಿದಿಡುತ್ತವೆ. ಇದು ಒಳ್ಳೆಯ ಗುಣ. ಆದರೆ ಗುಡಿಸಿದ ಹೊಟ್ಟನ್ನು ಗಿಡದ ಬುಡಕ್ಕೋ ಗೊಬ್ಬರದ ಗುಂಡಿಗೋ ಹಾಕಿದರೆ ಲಾಭವೇನು? ಮಣ್ಣಿನ ಬ್ಯಾಕ್ಟೀರಿಯಗಳು ಎಣ್ಣೆಯನ್ನು ವಿಘಟಿಸುತ್ತವೆಂದು ನೀವು ವಾದಿಸಬಹುದು. ಅದು ನಿಜ, ಆದರೆ ಕ್ರಿಯೆ ನಿಧಾನ. ಅಲ್ಲದೆ ಬಳಸಿದ ಎಣ್ಣೆಯಲ್ಲಿ ಎಂಜಿನ್ ಸವೆದು ಸೇರಿದ ಲೋಹದ ಕಣಗಳಿರುತ್ತವೆ. ಲೋಹವನ್ನು ಯಾವ ಬ್ಯಾಕ್ಟೀರಿಯವೂ ಇಲ್ಲವಾಗಿಸಲಾರದು.

ರಟ್ಟಿನ ಗುಣವೂ ದೋಷವೂ ಒಂದೇ. ಎಣ್ಣೆಯನ್ನು ಮೇಲಿನಿಂದ ಹೀರುವ ಕ್ರಿಯೆಯೇ ಅದು ತೊಯ್ದ ಮೇಲೆ ಕೆಳಗಿನ ನೆಲಕ್ಕೂ ದಾಟಿಸುತ್ತದೆ. ತಗಡಿನ ತಟ್ಟೆ ಇದಕ್ಕಿಂತ ಉತ್ತಮ. ಆದರೆ ಸೂರಿಲ್ಲದ ಕಡೆ ಬರಿಯ ತಟ್ಟೆ ಇಟ್ಟರೆ ಮಳೆಗಾಲದಲ್ಲಿ ಮೋಸ ಹೋಗುತ್ತೀರಿ. ಎಣ್ಣೆ ನೀರಿಗಿಂತ ಹಗುರ. ತಟ್ಟೆ ತುಂಬಿದಾಗ ಮೊದಲು ಅಂಚು ದಾಟಿ ಹೊರಗೆ ಹರಿಯುವುದು ನೀರಲ್ಲ, ಎಣ್ಣೆಯೇ.

ಒಂದು ಸಣ್ಣ ಲೆಕ್ಕ

‘ರಾತ್ರಿಗೆ ನಾಲ್ಕು ಹನಿ, ಅದರಿಂದೇನು?’ ಎನ್ನುವವರಿಗೆ ಈ ಲೆಕ್ಕ ತೋರಿಸಿ. ನೀರಾದರೆ ಸುಮಾರು 20 ಹನಿಗಳು ಒಂದು ಮಿಲಿಲೀಟರ್. ಎಣ್ಣೆಯ ಮೇಲ್ಮೈ ಎಳೆತ ಕಡಿಮೆಯಾದ್ದರಿಂದ ಹನಿ ಸಣ್ಣದು; 30 ಎಂದಿಟ್ಟುಕೊಳ್ಳೋಣ. ದಿನಕ್ಕೆ 15 ಹನಿ ಬಿದ್ದರೆ ಅರ್ಧ ಮಿಲಿಲೀಟರ್, ವರ್ಷಕ್ಕೆ ಸುಮಾರು 180 ಮಿಲಿಲೀಟರ್. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ತೋರುವ ಎಣ್ಣೆಯ ಪೊರೆ ಸುಮಾರು ಒಂದು ಮೈಕ್ರೋಮೀಟರ್ ದಪ್ಪವಿದ್ದರೆ, ಒಂದು ಮಿಲಿಲೀಟರ್ ಎಣ್ಣೆ ಒಂದು ಚದರ ಮೀಟರನ್ನು ಮುಚ್ಚುತ್ತದೆ. ಅಂದರೆ 180 ಮಿಲಿಲೀಟರ್ ಎಣ್ಣೆಗೆ 180 ಚದರ ಮೀಟರ್. 30-40ರ ಸೈಟು ಎಂದರೆ ಸುಮಾರು 111 ಚದರ ಮೀಟರ್. ಒಂದೂವರೆ ಸೈಟಿನಷ್ಟು ನೀರಿನ ಮೇಲ್ಮೈಗೆ ಒಂದೇ ಕಾರಿನ ಒಂದು ವರ್ಷದ ಹನಿಗಳು ಸಾಕು!

ಒಳ್ಳೆಯ ಸಲಹೆ ಹೇಗಿರಬೇಕು?

ಅದು ಮೂರು ಪ್ರಶ್ನೆಗಳಿಗೆ ಈ ಕ್ರಮದಲ್ಲೇ ಉತ್ತರಿಸಬೇಕು. ಸೋರಿಕೆಯನ್ನು ಎಷ್ಟು ಕಡಿಮೆ ಮಾಡಬಹುದು? ಉಳಿದದ್ದನ್ನು ನೆಲ ಮುಟ್ಟುವ ಮೊದಲೇ ಹೇಗೆ ಹಿಡಿಯುವುದು? ಹಿಡಿದದ್ದನ್ನು ಯಾರಿಗೆ ಒಪ್ಪಿಸುವುದು?

ಮೊದಲನೆಯದಕ್ಕೆ ಗ್ಯಾಸ್ಕೆಟ್, ವಾಷರ್, ಬ್ರೀದರ್‌ಗಳ ತಪಾಸಣೆ ಮಾಡಿಸಿ. ಡಿಪ್‌ಸ್ಟಿಕ್ಕಿನ ಮೇಲಿನ ಗುರುತು ಮೀರಿ ಎಣ್ಣೆ ತುಂಬಿಸಬೇಡಿ. ಎರಡನೆಯದಕ್ಕೆ ಸೂರಿನ ಕೆಳಗೆ, ಎಂಜಿನ್ನಿನಿಂದ ಗೇರ್‌ಬಾಕ್ಸಿನವರೆಗೆ ಚಾಚುವ ಅಂಚುಳ್ಳ ತಗಡಿನ ತಟ್ಟೆ, ಅದರಲ್ಲಿ ತೆಳುವಾಗಿ ಮರದ ಹೊಟ್ಟು. ಬಿಸಿ ಎಂಜಿನ್ ಹೆಚ್ಚು ಸೋರುವುದರಿಂದ, ಮರುದಿನ ಬೆಳಿಗ್ಗೆಯಲ್ಲ, ಕಾರು ನಿಲ್ಲಿಸಿದೊಡನೆ ತಟ್ಟೆ ಇಡಬೇಕು. ಮೂರನೆಯದಕ್ಕೆ, ಎಣ್ಣೆಯನ್ನೂ ತೊಯ್ದ ಹೊಟ್ಟನ್ನೂ ಬೇರೆ ಬೇರೆ ಮುಚ್ಚಳದ ಡಬ್ಬಗಳಲ್ಲಿ ಕೂಡಿಡಿ. ಎಣ್ಣೆಯನ್ನು, ಬಳಸಿದ ಎಣ್ಣೆ ಸಂಗ್ರಹಿಸಿ ಅಧಿಕೃತ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ. ಹೊಟ್ಟನ್ನು ಹಸಿ ಕಸದೊಡನೆ ಬೆರೆಸಬೇಡಿ. ಬಳಸಿದ ಎಣ್ಣೆಯ ನಿರ್ವಹಣೆ 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ ವ್ಯಾಪ್ತಿಗೆ ಬರುತ್ತದೆ.

ಅಧ್ಯಾಪಕರು ಇದನ್ನು ತರಗತಿಯ ಪ್ರಯೋಗವಾಗಿಯೂ ಮಾಡಿಸಬಹುದು. ಒಂದೇ ತೂಕದ ಮರಳು, ಮರದ ಹೊಟ್ಟು, ಹರಿದ ಕಾಗದಗಳ ಮೇಲೆ ಹೊಸ ಎಂಜಿನ್ ಎಣ್ಣೆ ಸುರಿದು, ಹೆಚ್ಚಿನದನ್ನು ಬಸಿದು ಮತ್ತೆ ತೂಗಿಸಿ. ಯಾವುದು ಎಷ್ಟು ಹಿಡಿಯಿತೆಂದು ವಿದ್ಯಾರ್ಥಿಗಳೇ ಬರೆದಿಡಲಿ. ಬಳಸಿದ ಎಣ್ಣೆ ಚರ್ಮಕ್ಕೆ ಹಾನಿಕರವಾದ್ದರಿಂದ ಪ್ರಯೋಗಕ್ಕೆ ಅದು ಬೇಡ. ಪ್ರಯೋಗ ಮುಗಿದ ಮೇಲೆ ತೊಯ್ದ ವಸ್ತುಗಳನ್ನೆಲ್ಲ ಮುಂದಿಟ್ಟು ‘ಇದನ್ನೀಗ ಎಲ್ಲಿಗೆ ಹಾಕೋಣ?’ ಎಂದು ಕೇಳಿ. ಪಾಠದ ಮುಖ್ಯ ಭಾಗ ಶುರುವಾಗುವುದು ಆ ಪ್ರಶ್ನೆಯಿಂದಲೇ.