ಕಗ್ಗಲಡುವಿನ ಕೊಕ್ಕರೆ, ಹುಣಸೆಯ ಲೆಕ್ಕ

ಮಧುಗಿರಿ–ಶಿರಾ ಸೀಮೆಗೆ ಬರುವವರ ಪಟ್ಟಿ ಹೆಚ್ಚುಕಮ್ಮಿ ಒಂದೇ. ಮಧುಗಿರಿಯ ಏಕಶಿಲಾ ಬೆಟ್ಟ, ಗೊರವನಹಳ್ಳಿಯ ಮಹಾಲಕ್ಷ್ಮಿ, ಪಾವಗಡದ ಶನಿಮಹಾತ್ಮ, ಶಿರಾದ ಮಲಿಕ್ ರಿಹಾನ್ ಗೋರಿ. ಹೊತ್ತು ಮಿಕ್ಕರೆ ಕಗ್ಗಲಡುವಿನ ಕೊಕ್ಕರೆ. ಈ ಕೊನೆಯ ಸಾಲಿನ ಬಗ್ಗೆ ನನ್ನ ತಕರಾರಿದೆ. ಬೆಟ್ಟ ಯಾರು ಹತ್ತಿದರೂ ಬಿಟ್ಟರೂ ಇರುತ್ತದೆ, ದೇವರಿಗೆ ಹುಂಡಿಯಿದೆ. ಕಗ್ಗಲಡುವಿನಲ್ಲಿ ಮಾತ್ರ ಊರವರು ತಮ್ಮ ಗಂಟು ಕಳೆದುಕೊಂಡು ಉಳಿಸಿದ್ದನ್ನು ನಾವು ಪುಕ್ಕಟೆ ನೋಡಿ ಬರುತ್ತೇವೆ.

ಶಿರಾಕ್ಕೆ ಹತ್ತಿರದ ಈ ಹಳ್ಳಿ ಹೊರಗಿನವರ ಗಮನಕ್ಕೆ ಬಂದದ್ದು 1999ರಲ್ಲಿ. ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಇಲ್ಲಿ ಗೂಡು ಕಟ್ಟುವುದು ಕಾಡಿನಲ್ಲಲ್ಲ, ಊರಿನ ಹುಣಸೆಮರಗಳ ನೆತ್ತಿಯಲ್ಲಿ. ಸಂಕ್ರಾಂತಿ ಕಳೆದ ಮೇಲೆ ಹಕ್ಕಿಗಳು ಇಳಿಯುತ್ತವೆ. ಹುಣಸೆ ಹಣ್ಣಾಗುವುದೂ ಆಗಲೇ. ತುಮಕೂರಿನ ಮಾರುಕಟ್ಟೆಯಲ್ಲಿ ಹುಣಸೆಗೆ ಎಂಥ ಗಿರಾಕಿ ಎಂಬುದು ಈ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಹೊಲ ಕೊಡದ ಕಾಸನ್ನು ಬದುವಿನ ಮರ ಕೊಡುತ್ತದೆ. ಆದರೆ ಗಳ ಹಿಡಿದು ಕೊಂಬೆ ಬಡಿದರೆ ಹಣ್ಣಿನ ಜೊತೆ ಮೊಟ್ಟೆಯೂ ಮರಿಯೂ ಉದುರುತ್ತವೆ. ಹಾಗಾಗಿ ಗೂಡಿರುವ ಮರವನ್ನು ಬಡಿಯುವುದಿಲ್ಲ. ಕೆಳಗೆ ನಿಂತರೆ ಸುಣ್ಣ ಎರಚಿದಂತೆ ಹಿಕ್ಕೆ, ಮರಿಯ ಬಾಯಿಂದ ಜಾರಿದ ಅರೆಜೀರ್ಣ ಮೀನು, ಬಿಸಿಲೇರಿದಂತೆ ಮೂಗು ಮುಚ್ಚಿಸುವ ವಾಸನೆ. ಅದರಡಿಯಲ್ಲೇ ಸಂಸಾರ.

ಪ್ರವಾಸಿ ಬರಹಗಳು ಇದನ್ನೆಲ್ಲ 'ಹಳ್ಳಿಗರ ಮುಗ್ಧ ಪಕ್ಷಿಪ್ರೇಮ' ಎಂದು ಮುಗಿಸುತ್ತವೆ. ನನಗೆ ಇದು ಹೊಗಳಿಕೆಯ ಸೋಗಿನ ಉಪೇಕ್ಷೆ ಎನಿಸುತ್ತದೆ. ಹಣ್ಣು ಎಷ್ಟಾಗುತ್ತದೆ, ಬಿಟ್ಟರೆ ಎಷ್ಟು ಹೋಗುತ್ತದೆ ಎಂದು ಗೊತ್ತಿದ್ದೂ ಬಿಡುವವರು ಮುಗ್ಧರಲ್ಲ. ಇಂಥದೇ ಇನ್ನೊಂದು ಊರಾದ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಗೂಡಿರುವ ಮರದ ಫಸಲು ಬಿಟ್ಟುಕೊಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು, 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೂ ಆಯಿತು. ಆ ಮೊತ್ತ ಸಾಲದೆಂಬ ಜಗಳ ಬೇರೆ. ಮರಕ್ಕೊಬ್ಬ ಯಜಮಾನನಿದ್ದಾನೆ ಎಂದಾದರೂ ಅಲ್ಲಿ ಒಪ್ಪಿಕೊಂಡಂತಾಯಿತು.

ಇನ್ನು ನೋಡಲು ಬರುವವರ ರೀತಿ. ಕಾರು ಮರದ ಬುಡಕ್ಕೇ ಬರಬೇಕು, ಹಕ್ಕಿ ರೆಕ್ಕೆ ಬಿಚ್ಚಿದ ಚಿತ್ರಕ್ಕಾಗಿ ಚಪ್ಪಾಳೆ ತಟ್ಟಬೇಕು! ದೊಡ್ಡ ಹಕ್ಕಿ ಎದ್ದುಹೋದ ಹೊತ್ತಿನಲ್ಲಿ ಬರಿಮೈಯ ಮರಿ ಉರಿಬಿಸಿಲಿಗೆ ಬೀಳುತ್ತದೆ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಮಧುಗಿರಿ ಬೆಟ್ಟದ ಮೇಲೆ ಕೂಗಾಡಿದರೆ ಬಂಡೆಗೇನೂ ಆಗದು, ಇಲ್ಲಿ ಆಗುತ್ತದೆ.

ಊರಿನ ಸಂಯಮವನ್ನು ಕೊಂಡಾಡುವಾಗ ಕೆರೆ ಮರೆತುಹೋಗುತ್ತದೆ. ಮರ ಎಷ್ಟಿದ್ದರೇನು, ಮೀನಿಲ್ಲದಿದ್ದರೆ ಕೊಕ್ಕರೆ ನಿಲ್ಲುವುದಿಲ್ಲ. ಕಳ್ಳಂಬೆಳ್ಳ, ಶಿರಾ ಕೆರೆಗಳಿಗೆ ಹೇಮಾವತಿ ಹರಿದಾಗ ಚರ್ಚೆಯೆಲ್ಲ ಕುಡಿಯುವ ನೀರಿನದು, ಅದು ಸರಿಯೇ. ಆದರೆ ಸುತ್ತಲಿನ ಸಣ್ಣ ಕೆರೆಗಳಲ್ಲಿ ಬೇಸಿಗೆಯವರೆಗೆ ಮೊಣಕಾಲುದ್ದ ನೀರು ಉಳಿದರೂ ಮರಿಗಳ ಹೊಟ್ಟೆಗಾಗುತ್ತದೆ. ಪ್ರವಾಸೋದ್ಯಮದ ಹೆಸರಿನಲ್ಲಿ ಖರ್ಚು ಮಾಡುವವರು ಸ್ವಾಗತ ಕಮಾನಿಗೆ ಮೊದಲು ಈ ಕೆರೆಗಳ ಹೂಳು ತೆಗೆಸಲಿ, ಹುಣಸೆಯ ಬಾಕಿ ಕೊಡಲಿ.