‘ಬ್ಯೋಮಕೇಶ್ ಬಕ್ಷಿ’: ಒಂದು ಮರುನೋಟ

ಬಾಸು ಚಟರ್ಜಿಯವರು ನಿರ್ದೇಶಿಸಿದ ಈ ಹಿಂದೀ ಪತ್ತೇದಾರಿ ಧಾರಾವಾಹಿಯು ದೂರದರ್ಶನದಲ್ಲಿ 1993ರಲ್ಲಿ ಮೊದಲು ಪ್ರಸಾರವಾಯಿತು. 2020ರ ಲಾಕ್‌ಡೌನ್ ಕಾಲದಲ್ಲಿ ಮರುಪ್ರಸಾರಗೊಂಡಿತು. ನಡೆ ಮಂದ, ದೃಶ್ಯಸಜ್ಜಿಕೆ ಬಡವು ಎಂಬ ಆಕ್ಷೇಪ ನಿರಾಧಾರವಲ್ಲ. ಆದರೂ ನಮ್ಮ ಗಡಿಭಾಗದ ಇತಿಹಾಸ ವಿದ್ಯಾರ್ಥಿಗಳು ಇದನ್ನು ಇನ್ನೊಮ್ಮೆ ನೋಡತಕ್ಕದ್ದು. ಶರದಿಂದು ಬಂದ್ಯೋಪಾಧ್ಯಾಯರ ಈ ಕಥಾನಾಯಕನು ತನ್ನನ್ನು ಪತ್ತೇದಾರನೆನ್ನದೆ ಸತ್ಯಾನ್ವೇಷಿಯೆಂದು ಕರೆದುಕೊಳ್ಳುತ್ತಾನೆ. ಮೊದಲ ಕಂತಿನಲ್ಲಿ ಅವನು ಕಲ್ಕತ್ತೆಯ ವಸತಿಗೃಹವೊಂದರಲ್ಲಿ ಸುಳ್ಳು ಹೆಸರಿನಿಂದ ಇಳಿದುಕೊಳ್ಳುತ್ತಾನೆ. ಅದನ್ನು ನಡೆಸುವ ಸಜ್ಜನ ಹೋಮಿಯೋಪಥಿ ವೈದ್ಯನೇ ಕೊಕೇನಿನ ಗುಪ್ತ ವ್ಯಾಪಾರಿ, ಕೊಲೆಗಾರನೂ ಅವನೇ! ಶಾಸನವನ್ನೋ ಕೈಫಿಯತ್ತನ್ನೋ ಓದುವಾಗ ಬರೆಸಿದವನ ಪ್ರತಿಷ್ಠೆಯನ್ನೇ ಪ್ರಮಾಣವೆಂದು ಸ್ವೀಕರಿಸುವ ನಮ್ಮ ಅಭ್ಯಾಸವು ಆ ಮನೆಯವರ ನಂಬಿಕೆಗಿಂತ ಭಿನ್ನವೆ? ಕೊಲೆಗಾರನಾರೆಂದು ತಿಳಿದು ಮತ್ತೆ ನೋಡಿದಾಗ ವೈದ್ಯನ ಒಂದೊಂದು ಉಪಚಾರದ ಮಾತೂ ಬೇರೆಯಾಗಿ ಕೇಳಿಸುತ್ತದೆ. ಅದನ್ನು ತೂಗಿನೋಡಲು ಆ ಮಂದಗತಿಯೇ ಬಿಡುವು ಕೊಡುತ್ತದೆ.