ಫ್ರಿಜ್ಜಿಗೆ ಹೋಗಬೇಕಾದ್ದು, ನೆಲುವಿಗೆ ಬಿಡಬೇಕಾದ್ದು

ಯಾವುದನ್ನು ಫ್ರಿಜ್ಜಿನಲ್ಲಿಡಬೇಕು, ಯಾವುದನ್ನು ಇಡಬಾರದು ಎಂಬ ಪಟ್ಟಿಗಳಿಗೆ ಈಗ ಬರವಿಲ್ಲ. ಟೊಮೆಟೊ ಬೇಡ, ಬಾಳೆಹಣ್ಣು ಬೇಡ, ಆಲೂಗಡ್ಡೆ ಬೇಡ, ಬ್ರೆಡ್ಡು ಬೇಡ, ಜೇನುತುಪ್ಪ ಬೇಡ. ಬೇಸಿಗೆ ಬಂತೆಂದರೆ ಪತ್ರಿಕೆಗಳ ಪುರವಣಿಯಲ್ಲಿ, ಮೊಬೈಲಿನಲ್ಲಿ ಇವು ಸುತ್ತುತ್ತವೆ. ಬಳ್ಳಾರಿಯ ಪಾರ್ವತಿನಗರದ ಅಡುಗೆಮನೆಗಳಿಗೂ ತಲುಪುತ್ತವೆ. ಪಟ್ಟಿಯಲ್ಲಿರುವುದು ಸುಳ್ಳಲ್ಲ. ಎಡವಟ್ಟು ಇರುವುದು ಅದು ‘ಹೊರಗೇ ಇರಲಿ’ ಎನ್ನುವಲ್ಲಿ. ಆ ಸಲಹೆ ಹುಟ್ಟಿದ ದೇಶಗಳಲ್ಲಿ ‘ಹೊರಗೆ’ ಎಂದರೆ 20 ಡಿಗ್ರಿ ಆಸುಪಾಸಿನ ಅಡುಗೆಮನೆ. ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ದಾಟುತ್ತದೆ. ಹಗಲೆಲ್ಲ ಕಾದ ಆರ್‌ಸಿಸಿ ಛತ್ತು ರಾತ್ರಿಯಾದರೂ ಆರುವುದಿಲ್ಲ. ಅದರ ಕೆಳಗಿನ ಕಟ್ಟೆಯ ಮೇಲೆ ಇಟ್ಟ ಟೊಮೆಟೊ ಯಾವ ಪಟ್ಟಿಯ ಮಾತನ್ನೂ ಕೇಳುವುದಿಲ್ಲ.

ಇದಕ್ಕೆ ಎದುರು ನಿಂತಿರುವುದು ನಮ್ಮ ಮನೆಗಳ ನಂಬಿಕೆ: ‘ಫ್ರಿಜ್ಜಾಗ ಇಟ್ಟೀನಿ, ಏನೂ ಆಗಲ್ಲ ಬಿಡು.’ ಹೀಗಾಗಿ ರವೆ, ಸೇಂಗಾ ಪುಡಿ, ಉಪ್ಪಿನಕಾಯಿ, ಬೆಲ್ಲ, ಬಿಸ್ಕತ್ತು, ಕಡಕ್ ರೊಟ್ಟಿ ಎಲ್ಲವೂ ಒಳಗೆ. ಮಧ್ಯಾಹ್ನ ಮಾಡಿದ ಅನ್ನ ಮಾತ್ರ ರಾತ್ರಿಯವರೆಗೆ ಹೊರಗೆ. ನನ್ನ ತಕರಾರು ಎರಡರ ಮೇಲೂ ಇದೆ, ಎರಡನೆಯದರ ಮೇಲೆ ಹೆಚ್ಚು.

ಹಳೇ ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಮಣ್ಣಿನ ಮಾಳಿಗೆ ಮನೆಗಳಲ್ಲಿ ‘ಹೊರಗೆ’ ಅನ್ನುವುದಕ್ಕೆ ಒಂದು ಜಾಗವಿತ್ತು. ಮೊಳಕ್ಕೂ ಮಿಗಿಲು ದಪ್ಪದ ಗೋಡೆ, ಜಂತಿಯ ಮೇಲೆ ಹಾಸಿದ ಮಣ್ಣು, ಬಿಸಿಲು ಕಾಣದ ಒಳಕೋಣೆ, ಅಲ್ಲಿ ತೂಗುಬಿಟ್ಟ ನೆಲುವು. ಬೀದಿ ಕುದಿಯುತ್ತಿದ್ದರೂ ಆ ಕೋಣೆ ತಣ್ಣಗಿರುತ್ತಿತ್ತು. ಬಡಾವಣೆಯ ಮನೆ ಕಟ್ಟಿದವರು ಆ ಕೋಣೆಯನ್ನು ಕೈಬಿಟ್ಟರು. ಅದು ಮಾಡುತ್ತಿದ್ದ ಕೆಲಸವೆಲ್ಲ ಫ್ರಿಜ್ಜಿನ ಹೆಗಲಿಗೆ ಬಿತ್ತು. ಭಾರತದಲ್ಲಿ ಗೋದ್ರೇಜ್ ಕಂಪನಿ ಫ್ರಿಜ್ ತಯಾರಿಸತೊಡಗಿದ್ದು 1958ರಲ್ಲಿ. ಅದು ಬಂದದ್ದು ಹಾಲು, ಮಾಂಸ, ಬೇಯಿಸಿದ ಅಡುಗೆ ಕಾಯಲು. ಉಗ್ರಾಣದ ಕೆಲಸ ಅದಕ್ಕೆ ಬರುವುದಿಲ್ಲ.

ಉಳ್ಳಾಗಡ್ಡಿಯನ್ನೇ ನೋಡಿ. ಈ ಊರಿನ ಹೆಸರಿಗೂ ಅದಕ್ಕೂ ಹಳೆಯ ನಂಟು. ತಮಿಳುನಾಡಿನ ಸಂತೆಗಳಲ್ಲಿ ದಪ್ಪ ಈರುಳ್ಳಿಯನ್ನು ಇಂದಿಗೂ ‘ಬಳ್ಳಾರಿ’ ಎಂದೇ ಕರೆಯುತ್ತಾರೆ. ಕಿತ್ತು, ಒಣಗಿಸಿ, ಕತ್ತು ಬಿಗಿದ ಗಡ್ಡೆ ಸತ್ತ ವಸ್ತುವಲ್ಲ, ಮಲಗಿರುವ ಜೀವ. ಸೊನ್ನೆಗೆ ಹತ್ತಿರದ ಒಣ ತಂಪಿನಲ್ಲಿ ಅದು ತಿಂಗಳುಗಟ್ಟಲೆ ಮಲಗಿರುತ್ತದೆ, 25–30 ಡಿಗ್ರಿಯ ಒಣ ಶಾಖದಲ್ಲೂ ಮಲಗಿರುತ್ತದೆ. ಇವೆರಡರ ನಡುವಿನ ತಂಪಿನಲ್ಲಿ ಎಚ್ಚರಗೊಂಡು ಮೊಳಕೆಯೊಡೆಯುತ್ತದೆ. ಮನೆಯ ಫ್ರಿಜ್ ಈ ನಡುವಿನ ಕಡೆಗೇ ವಾಲುತ್ತದೆ, ಮೇಲಾಗಿ ಅದರ ತರಕಾರಿ ಡಬ್ಬಿಯಲ್ಲಿ ತೇವ. ಗಡ್ಡೆ ಮೆತ್ತಗಾಗಿ, ಪಕ್ಕದ ಹಾಲಿಗೂ ತನ್ನ ವಾಸನೆ ಹತ್ತಿಸುತ್ತದೆ. ಬಳ್ಳಾರಿಯ ಒಣಹವೆ ಉಳ್ಳಾಗಡ್ಡಿಗೆ ಹೇಳಿ ಮಾಡಿಸಿದಂಥದು: ಗಾಳಿಯಾಡುವ ಬುಟ್ಟಿ, ನೆರಳು, ಇಷ್ಟೇ ಸಾಕು. ಕಡುಬೇಸಿಗೆಯಲ್ಲಿ ಸ್ವಲ್ಪ ಸೊರಗಬಹುದು, ಕೊಳೆಯುವುದು ಅಪರೂಪ. ಇಲ್ಲಿ ಪಟ್ಟಿ ಗೆಲ್ಲುತ್ತದೆ.

ಆಲೂಗಡ್ಡೆಯಲ್ಲಿ ಸೋಲುತ್ತದೆ. ಅದಕ್ಕೆ ಬೇಕಾದದ್ದು ಹತ್ತು ಡಿಗ್ರಿ ಸುತ್ತಮುತ್ತಲಿನ ಕತ್ತಲು. ಅದಕ್ಕಿಂತ ತಣ್ಣಗಾದರೆ ಪಿಷ್ಟ ಸಕ್ಕರೆಯಾಗಿ ಕರಿದಾಗ ಬೇಗ ಕಪ್ಪಾಗುತ್ತದೆ. 35 ಡಿಗ್ರಿಯಲ್ಲಿ ಇಟ್ಟರೆ ಮೊಳೆತು ಕೊಳೆಯುತ್ತದೆ. ಕರಿದಾಗ ಹುಟ್ಟುವ ಅಕ್ರಿಲಮೈಡ್ ಎಂಬ ಹಾನಿಕಾರಕ ವಸ್ತುವಿಗೆ ಹೆದರಿ ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ ಆಲೂಗಡ್ಡೆಯನ್ನು ಫ್ರಿಜ್ಜಿಗೆ ಸೇರಿಸಬೇಡಿ ಎನ್ನುತ್ತಿತ್ತು. 2023ರಲ್ಲಿ ಇಡಬಹುದು ಎಂದು ಮಾತು ಬದಲಿಸಿತು. ಹಳೆಯ ಪಟ್ಟಿಗಳು ಮಾತ್ರ ಹಾಗೇ ಓಡಾಡುತ್ತಿವೆ. ಬಳ್ಳಾರಿಯಲ್ಲಿ ಸರಿಯಾದ ದಾರಿ ವಾರಕ್ಕೆ ಬೇಕಾದಷ್ಟೇ ಕೊಳ್ಳುವುದು, ಅದೂ ಉಳ್ಳಾಗಡ್ಡಿ ಬುಟ್ಟಿಗೆ ಬೆರೆಸದೆ.

ಟೊಮೆಟೊ ವಿಷಯದಲ್ಲಿ ಹೆಚ್ಚು ಗದ್ದಲ. ಹನ್ನೆರಡು ಡಿಗ್ರಿಗಿಂತ ಕೆಳಗೆ ಅದು ಹಣ್ಣಾಗುವುದನ್ನು ನಿಲ್ಲಿಸುತ್ತದೆ, ಪರಿಮಳವೂ ಇಳಿಯುತ್ತದೆ. ಫ್ಲೋರಿಡಾ ವಿಶ್ವವಿದ್ಯಾಲಯದ ತಂಡ 2016ರಲ್ಲಿ ತೋರಿಸಿದಂತೆ, ವಾರದ ಚಳಿ ಕಂಡ ಟೊಮೆಟೊ ಹೊರಗೆ ತಂದಮೇಲೂ ಪರಿಮಳವನ್ನು ಪೂರ್ತಿ ಮರಳಿ ಪಡೆಯುವುದಿಲ್ಲ. ನಿಜ. ಆದರೆ ಹುಣಸೆ, ಖಾರ, ಇಂಗಿನ ಒಗ್ಗರಣೆಯೊಡನೆ ಕುದಿದು ಸಾರಾಗುವ ಟೊಮೆಟೊ ಮೇಲೆ ಪರಿಮಳದ ಈ ವಾದವನ್ನು ಹೇರುವುದು ಸ್ವಲ್ಪ ಹೆಚ್ಚಾಯಿತು. ಮೂವತ್ತು ಡಿಗ್ರಿ ಮೀರಿದರೆ ಟೊಮೆಟೊಗೆ ಕೆಂಬಣ್ಣವೂ ಸರಿಯಾಗಿ ಕೂರುವುದಿಲ್ಲ. ಕಾಯಿ ಇರುವಷ್ಟು ದಿನ ನೆರಳಿನಲ್ಲಿ, ಕೆಂಪಾದ ಮೇಲೆ ಬೇಸಿಗೆಯಲ್ಲಿ ಫ್ರಿಜ್ಜಿನಲ್ಲಿ, ಚಳಿಗಾಲದಲ್ಲಿ ಹೊರಗೆ: ಇದು ಊರಿಗೆ ಹೊಂದುವ ನಿಯಮ. ಎಣ್ಣೆಗಾಯಿಗೆ ತಂದ ಬದನೆ ಮಾತ್ರ ಚಳಿಯಲ್ಲಿ ನಿಜಕ್ಕೂ ಕೆಡುತ್ತದೆ. ಸಿಪ್ಪೆಯಲ್ಲಿ ಕುಳಿ ಬೀಳುತ್ತದೆ, ಬೀಜ ಕಪ್ಪಾಗುತ್ತದೆ. ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುವುದು ಎಲ್ಲರೂ ಕಂಡದ್ದೇ.

ಇನ್ನು ಈ ನೆಲದ ಸ್ವಂತ ವಿದ್ಯೆ. ಕಡಕ್ ರೊಟ್ಟಿ ತಿಂಗಳು ನಿಲ್ಲುವುದು ಅದರಲ್ಲಿ ನೀರಿಲ್ಲದ್ದರಿಂದ. ಹಂಚಿನ ಮೇಲೆ ಒತ್ತಿ ಒಣಗಿಸಿದ ಮೇಲೆ ಬೂಸು ಹಿಡಿಯಲು ಅಲ್ಲಿ ಏನೂ ಉಳಿದಿಲ್ಲ. ಅದನ್ನು ಫ್ರಿಜ್ಜಿಗೆ ತಳ್ಳುವುದೆಂದರೆ ಕಷ್ಟಪಟ್ಟು ತೆಗೆದ ತೇವವನ್ನು ಮತ್ತೆ ಕೊಡುವುದು. ಮಂಡಕ್ಕಿಗೂ, ಬೆಲ್ಲಕ್ಕೂ ಇದೇ ಮಾತು. ಮೆತ್ತಗಿನ ಬಿಸಿ ರೊಟ್ಟಿಯ ಕಥೆ ಬೇರೆ: ಬ್ರೆಡ್ಡಿನ ಹಾಗೆ ಅದೂ ಫ್ರಿಜ್ಜಿನ ತಂಪಿನಲ್ಲೇ ಬೇಗ ಬಿರುಸಾಗುತ್ತದೆ, ಏಕೆಂದರೆ ಬೆಂದ ಪಿಷ್ಟ ಮತ್ತೆ ಗಟ್ಟಿಗೊಳ್ಳುವುದು ಸೊನ್ನೆಯಿಂದ ಐದು ಡಿಗ್ರಿಯ ನಡುವೆ ಬಹಳ ಚುರುಕು.

ಸಿರುಗುಪ್ಪದ ಅಕ್ಕಿಗೆ ತಂಪು ಬೇಡ ಅನ್ನುವುದಷ್ಟೇ ಅಲ್ಲ, ಶಾಖವೇ ಬೇಕು. ತುಂಗಭದ್ರಾ ಕಾಲುವೆಯ ಗದ್ದೆಯಿಂದ ಬಂದ ಹೊಸ ಸೋನಾ ಮಸೂರಿ ಮುದ್ದೆಯಾಗುತ್ತದೆ; ವರ್ಷ ಕಳೆದ ಹಳೆ ಅಕ್ಕಿ ಉದುರುದುರಾಗಿ ಅರಳುತ್ತದೆ, ಬೆಲೆಯೂ ಹೆಚ್ಚು. ಆ ಮಾಗುವಿಕೆ ನಡೆಯುವುದು ಬೆಚ್ಚಗಿನ ಚೀಲದಲ್ಲಿ. ಜೋಳಕ್ಕೆ ಹಿಂದಿನವರು ನೆಲದಲ್ಲಿ ಹಗೇವು ತೋಡುತ್ತಿದ್ದರು. ಬಾಯಿ ಮುಚ್ಚಿದ ಮೇಲೆ ಕಾಳೇ ಉಸಿರಾಡಿ ಒಳಗಿನ ಆಮ್ಲಜನಕ ಮುಗಿಸುತ್ತಿತ್ತು, ಹುಳ ಬದುಕುತ್ತಿರಲಿಲ್ಲ. ತೆರೆದ ಕೂಡಲೇ ಇಳಿದ ಮನುಷ್ಯನೂ ಬದುಕುತ್ತಿರಲಿಲ್ಲ. ಅದಕ್ಕೇ ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ಕಾಳು ವರ್ಷಗಟ್ಟಲೆ ನಿಂತರೂ ಹಿಟ್ಟು ನಿಲ್ಲದು. ಬೀಸಿದ ಜೋಳದ ಎಣ್ಣೆಯಂಶಕ್ಕೆ ಗಾಳಿ ತಾಗಿ ಕಹಿಯಾಗುತ್ತದೆ, ಹಳೆಯದಾದಷ್ಟೂ ಜಿಗುಟು ಕಳೆದು ರೊಟ್ಟಿ ತಟ್ಟುವಾಗ ಬಿರಿಯುತ್ತದೆ. ಗಿರಣಿಗೆ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಒಯ್ಯುವ ಅಭ್ಯಾಸ ಜಿಪುಣತನವಲ್ಲ, ಅದು ಜಾಣತನ. ತಿಂಗಳ ಹಿಟ್ಟು ಒಮ್ಮೆಗೇ ಬೀಸಿಸುವವರು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿಗೆ ಇಡಲಿ, ತಪ್ಪಿಲ್ಲ. ಸೇಂಗಾ, ಗುರೆಳ್ಳು, ಅಗಸೆ ಪುಡಿಗಳೂ ಎಣ್ಣೆಯವೇ. ಹದಿನೈದು ದಿನದಲ್ಲಿ ಮುಗಿಯುವುದಾದರೆ ಹೊರಗೇ ಇರಲಿ. ವಿದೇಶದಲ್ಲಿರುವ ಮಗನಿಗೆಂದು ಕುಟ್ಟಿಟ್ಟದ್ದಾದರೆ ಒಳಗೆ.

ಒಣಮೆಣಸಿನಕಾಯಿಯದು ವಿಚಿತ್ರ ಪ್ರಕರಣ. ಸಿರುಗುಪ್ಪ, ಕುರುಗೋಡು ಭಾಗದ ರೈತರು ಬೆಳೆದು ಬ್ಯಾಡಗಿ ಮಾರುಕಟ್ಟೆಗೆ ಒಯ್ಯುವ ಕಾಯಿ, ಬೆಲೆ ಸಿಗದಿದ್ದರೆ ಕೋಲ್ಡ್ ಸ್ಟೋರೇಜಿಗೆ ಹೋಗುತ್ತದೆ. ಅಲ್ಲಿ ಅದನ್ನು ಇಡುವುದು ಕೊಳೆಯದಿರಲಿ ಎಂದಲ್ಲ, ಬಣ್ಣಕ್ಕಾಗಿ. ಬೆಳಕು, ಶಾಖ, ಗಾಳಿ ಮೂರೂ ಮೆಣಸಿನಕಾಯಿಯ ಕೆಂಪನ್ನು ತಿನ್ನುತ್ತವೆ. ಬಣ್ಣ ಮಾಸಿದ ಚೀಲಕ್ಕೆ ವ್ಯಾಪಾರಿ ಬೆಲೆ ಇಳಿಸುತ್ತಾನೆ. ಮನೆಯ ಖಾರದ ಪುಡಿಗೆ ಆ ಉಪಚಾರ ಬೇಡ. ಫ್ರಿಜ್ಜಿನಿಂದ ದಿನಕ್ಕೆ ನಾಲ್ಕು ಸಲ ತೆಗೆದು ಒಳಗಿಡುವ ತಣ್ಣನೆಯ ಡಬ್ಬಿಯೊಳಗೆ ಪ್ರತಿ ಸಲವೂ ಬೆವರು ಕೂರುತ್ತದೆ, ಪುಡಿ ಗಂಟಾಗುತ್ತದೆ.

ಹಣ್ಣುಮೆಣಸಿನಕಾಯಿ ಚಟ್ನಿ ನಿಂತಿರುವುದು ಉಪ್ಪು ಮತ್ತು ಹುಣಸೆಯ ಬಲದಿಂದ, ಮೇಲೆ ನಿಂತ ಎಣ್ಣೆಯ ಕಾವಲಿನಿಂದ. ಜಾಡಿಯಲ್ಲಿ ವರ್ಷ ಕಳೆಯುವುದು ಅದಕ್ಕೆ ದೊಡ್ಡ ಮಾತಲ್ಲ. ಆದರೆ ಈಗ ಬಿಪಿ ಬಂದವರಿಗೆಂದು ಉಪ್ಪು ಅರ್ಧಕ್ಕಿಳಿದಿದೆ, ಎಣ್ಣೆಯೂ ತಗ್ಗಿದೆ. ಜಾಡಿ ಮಾತ್ರ ಅಜ್ಜಿಯ ಕಾಲದ ಧೈರ್ಯದಲ್ಲಿ ಕಪಾಟಿನ ಮೇಲೆ ಕೂತಿರುತ್ತದೆ. ಕಾವಲುಗಾರನನ್ನು ತೆಗೆದ ಮೇಲೆ ಬೇರೆ ಕಾವಲು ಬೇಕಲ್ಲ. ಕಡಿಮೆ ಉಪ್ಪಿನ ಚಟ್ನಿ ಫ್ರಿಜ್ಜಿಗೇ ಹೋಗಬೇಕು. ಹಳೇ ಅಳತೆಯ ಚಟ್ನಿ ಹೊರಗೇ ಇರಬೇಕು. ನಮ್ಮ ಮನೆಗಳಲ್ಲಿ ಬಹಳ ಸಲ ಇದು ತಿರುವುಮುರುವು. ಎಣ್ಣೆಯಲ್ಲಿ ಮುಳುಗಿಸಿಟ್ಟ ಹಸಿ ಬೆಳ್ಳುಳ್ಳಿ ಇನ್ನೂ ಅಪಾಯ. ಗಾಳಿಯಿಲ್ಲದ, ಹುಳಿಯಿಲ್ಲದ ಆ ಜಾಗ ಬಾಟುಲಿಸಂ ತರುವ ಸೂಕ್ಷ್ಮಾಣುವಿಗೆ ಹಿತ, ಮತ್ತು ಅದರ ವಿಷಕ್ಕೆ ವಾಸನೆ ಇರಲೇಬೇಕೆಂದಿಲ್ಲ.

ಈಗ ಅನ್ನಕ್ಕೆ ಬರುತ್ತೇನೆ. ಅಕ್ಕಿಯ ಜೊತೆ ಬರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಕುಕ್ಕರಿನ ಕುದಿಯಲ್ಲೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗಾದಾಗ ಚಿಗುರುತ್ತವೆ, 30ರಿಂದ 40 ಡಿಗ್ರಿಯಲ್ಲಿ ಸಡಗರದಿಂದ ಬೆಳೆಯುತ್ತವೆ. ಅವು ಬಿಡುವ ವಾಂತಿಯ ವಿಷವನ್ನು ಮತ್ತೆ ಬಿಸಿ ಮಾಡಿದರೂ ಅಳಿಸಲಾಗದು. ಬೆಂದ ಆಹಾರ ಎರಡು ತಾಸಿಗಿಂತ ಹೆಚ್ಚು ಹೊರಗಿರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮೆರಿಕದ ಕೃಷಿ ಇಲಾಖೆ ಇನ್ನೊಂದು ಮಾತು ಸೇರಿಸುತ್ತದೆ: ಸುತ್ತಲಿನ ಶಾಖ 32 ಡಿಗ್ರಿ ಮೀರಿದರೆ ಒಂದೇ ತಾಸು. ಅವರಿಗೆ ಅದು ಬಯಲೂಟದ ದಿನದ ಎಚ್ಚರಿಕೆ. ಬಳ್ಳಾರಿಗೆ ಅದು ತಿಂಗಳುಗಟ್ಟಲೆಯ ದಿನಚರಿ.

ಹಾಗಿದ್ದೂ ಮಧ್ಯಾಹ್ನ ಒಂದಕ್ಕೆ ಇಳಿಸಿದ ಅನ್ನ ರಾತ್ರಿ ಎಂಟರವರೆಗೆ ಆಳದ ಸ್ಟೀಲ್ ಪಾತ್ರೆಯಲ್ಲಿ ತಟ್ಟೆ ಮುಚ್ಚಿಕೊಂಡು ಕೂತಿರುತ್ತದೆ. ಬಿಸಿ ಅನ್ನ ಇಟ್ಟರೆ ಫ್ರಿಜ್ ಹಾಳಾಗುತ್ತದೆ ಎಂಬ ಭಯ ಒಂದು ಕಡೆ. ಫ್ರಿಜ್ಜಿನಲ್ಲಿ ಜಾಗವೇ ಇಲ್ಲ ಎಂಬುದು ಇನ್ನೊಂದು ಕಡೆ. ಅಲ್ಲಿ ರವೆ ಇದೆ, ಬೆಲ್ಲ ಇದೆ, ವರ್ಷದ ಹುಣಸೆ ಇದೆ. ಕೆಡದ ಸಾಮಾನಿಗೆ ತಂಪು, ಕೆಡುವ ಅನ್ನಕ್ಕೆ ಸೆಕೆ: ಈ ಹಂಚಿಕೆಯೇ ನಮ್ಮ ಅಡುಗೆಮನೆಯ ನಿಜವಾದ ದೋಷ. ಟೊಮೆಟೊ ಎಲ್ಲಿಟ್ಟರು ಎಂಬುದು ಅದರ ಮುಂದೆ ಸಣ್ಣ ಮಾತು. ಉಳಿದ ಅನ್ನವನ್ನು ಅಗಲ ತಾಟಿನಲ್ಲಿ ಹರವಿ, ಫ್ಯಾನಿನ ಕೆಳಗೆ ಅರ್ಧ ತಾಸು ಆರಿಸಿ ಒಳಗಿಟ್ಟರೆ ಯಾವ ಫ್ರಿಜ್ಜೂ ಹಾಳಾಗುವುದಿಲ್ಲ.

ಫ್ರಿಜ್ ಇಲ್ಲದ ಕಾಲದವರು ಬರೀ ಅನ್ನವನ್ನು ನಂಬುತ್ತಿರಲಿಲ್ಲ, ಅದು ಗಮನಿಸಬೇಕಾದದ್ದು. ಕುರುಗೋಡು ದೊಡ್ಡಬಸವೇಶ್ವರ ತೇರಿಗೋ ಹೊಲಕ್ಕೋ ಹೊರಟರೆ ಬುತ್ತಿಯಲ್ಲಿ ಹುಳಿಯನ್ನ, ಇಲ್ಲವೇ ಮೊಸರನ್ನ. ಹಾಲು ಹಾಕಿ ಕಲಸಿ, ಒಂದು ಚಮಚ ಮೊಸರು ಬೆರೆಸಿ ಕಟ್ಟಿದರೆ ಮಧ್ಯಾಹ್ನದ ಹೊತ್ತಿಗೆ ಬುತ್ತಿಯೊಳಗೇ ಹೆಪ್ಪಾಗಿರುತ್ತದೆ. ಒಳ್ಳೆಯ ಸೂಕ್ಷ್ಮಾಣುಗಳು ಮೊದಲೇ ಜಾಗ ಹಿಡಿದು ಹುಳಿ ಎಬ್ಬಿಸುವುದರಿಂದ ಕೆಟ್ಟವಕ್ಕೆ ನೆಲೆ ಸಿಗದು. ಮಜ್ಜಿಗೆಯಲ್ಲಿ ನೆನೆಸಿಟ್ಟ ತಂಗಳನ್ನದ ತರ್ಕವೂ ಇದೇ. ಅವರ ಸೆಕೆ ತಡೆಯುವ ವಿದ್ಯೆಯನ್ನು ಬಿಟ್ಟು, ಅನ್ನ ಹೊರಗಿಡುವ ಅಭ್ಯಾಸವನ್ನಷ್ಟೇ ನಾವು ಉಳಿಸಿಕೊಂಡೆವು.

ಹಾಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಳ್ಳಾರಿಗೆ ಬರುವ ನಂದಿನಿ ಪ್ಯಾಕೆಟ್ ಪಾಶ್ಚೀಕರಿಸಿದ್ದು. ಬಂದ ಕೂಡಲೇ ಕಾಯಿಸಬೇಕು ಅಥವಾ ತಂಪಿಗಿಡಬೇಕು. ಗುಡ್‌ಲೈಫ್ ಹಾಲು 130 ಡಿಗ್ರಿಗೂ ಮೇಲಿನ ಶಾಖ ಕಂಡು ಬಿಗಿಯಾಗಿ ಮುಚ್ಚಿಕೊಂಡು ಬಂದಿರುತ್ತದೆ, ಒಡೆಯುವವರೆಗೆ ಅದಕ್ಕೆ ಫ್ರಿಜ್ ಬೇಡ. ಮೊಟ್ಟೆಯನ್ನು ನಮ್ಮಲ್ಲಿ ಅಮೆರಿಕದ ಹಾಗೆ ತೊಳೆದು ಮಾರುವ ರೂಢಿ ಇಲ್ಲ, ಹೀಗಾಗಿ ಅಂಗಡಿಯಲ್ಲಿ ಹೊರಗೆ ನಡೆಯುತ್ತದೆ. ಮೇ ತಿಂಗಳಲ್ಲಿ ಮನೆಗೆ ತಂದ ಮೇಲೆ ಒಳಗಿಡುವುದೇ ಸರಿ. ಇಡ್ಲಿ ಹಿಟ್ಟು, ಕಾಯಿತುರಿ, ಕೊತ್ತಂಬರಿ, ಪುಂಡಿಪಲ್ಲೆಗೆ ಫ್ರಿಜ್ ಬೇಕೇ ಬೇಕು.

ಕರೆಂಟಿನ ಮಾತು ಬಿಟ್ಟರೆ ಈ ವಿಮರ್ಶೆ ಅರ್ಧವೇ. ಜಿಲ್ಲೆಯ ಕುಡುತಿನಿಯಲ್ಲಿ 1700 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಆದರೂ ಬೇಸಿಗೆಯ ಗಾಳಿಮಳೆಯ ಸಂಜೆ ಲೈನು ಹೋದರೆ ಯಾವಾಗ ಬರುತ್ತದೋ ಬಂದಾಗಲೇ ಗೊತ್ತು. ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ತಾಸು ತಂಪು ಹಿಡಿಯುತ್ತದೆ. ಬೆಲ್ಲದ ಡಬ್ಬಿಗಾಗಿ ತೆಗೆಯುವ ಬಾಗಿಲು ಹಾಲಿನ ಲೆಕ್ಕಕ್ಕೆ ಬರುತ್ತದೆ.

ಬದನೆ, ಟೊಮೆಟೊ, ಸೌತೆಗೆ ಬೇಕಾದ ನಡುವಿನ ತಂಪು ಫ್ರಿಜ್ಜಿನಲ್ಲೂ ಇಲ್ಲ, ಕಟ್ಟೆಯ ಮೇಲೂ ಇಲ್ಲ. ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲೇ ಇದಕ್ಕೊಂದು ದಾರಿ ತೋರಿಸಿದೆ: ಇಟ್ಟಿಗೆಯ ಎರಡು ಗೋಡೆ, ನಡುವೆ ಮರಳು, ಅದಕ್ಕೆ ಬೆಳಿಗ್ಗೆ ಸಂಜೆ ನೀರು. ನೀರು ಆರುವಾಗ ಒಳಗಿನ ಶಾಖ ಹತ್ತು ಹದಿನೈದು ಡಿಗ್ರಿ ಇಳಿಯುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಇದು ಅಷ್ಟು ನಡೆಯದು; ಬಳ್ಳಾರಿಯ ಒಣಗಾಳಿಯಲ್ಲಿ ಚೆನ್ನಾಗಿ ನಡೆಯುತ್ತದೆ. ತಳ್ಳುಗಾಡಿಯ ತರಕಾರಿಯವರು ಒದ್ದೆ ಗೋಣಿತಾಟು ಹೊದಿಸುವುದು ಇದೇ ಉಪಾಯದ ಬಡ ರೂಪ. ನಳಕ್ಕೆ ನೀರು ದಿನವೂ ಬಾರದ ಊರಿನಲ್ಲಿ, ಬಾಡಿಗೆ ಮನೆಯಲ್ಲಿ ಇಟ್ಟಿಗೆ ಕಟ್ಟುವ ಮಾತು ಎಲ್ಲರಿಗೂ ಆಗದು, ಒಪ್ಪುತ್ತೇನೆ. ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಬಟ್ಟೆ, ಗಾಳಿ ಬರುವ ಕಿಟಕಿಯ ಪಕ್ಕ: ದಿನಕ್ಕೆ ಒಂದೆರಡು ಚೊಂಬು ನೀರಿನ ಖರ್ಚು. ತರಕಾರಿ ಅಲ್ಲಿಗೆ, ರವೆ ಬೆಲ್ಲ ಕಪಾಟಿಗೆ ಹೋದರೆ ಅನ್ನದ ತಾಟಿಗೆ ಫ್ರಿಜ್ಜಿನಲ್ಲಿ ಒಂದು ಅಂತಸ್ತು ಖಾಲಿಯಾಗುತ್ತದೆ.